ಮರದ ಮನೆಯೂ ಅದರ ತಳಪಾಯವೂ: ಕ್ಯಾಲಿಫೋರ್ನಿಯದ ಭೂಕಂಪಗಳಿಂದ ಬೆಳೆದ ಒಂದು ಕಟ್ಟಡನಿಯಮ

ಕಟ್ಟಡಗಳ ಇತಿಹಾಸವನ್ನು ಬರೆಯುವವರ ದೃಷ್ಟಿ ಸಾಮಾನ್ಯವಾಗಿ ಗೋಪುರ, ಕಮಾನು, ಕಂಬ, ಭಿತ್ತಿಶಿಲ್ಪಗಳ ಮೇಲೆ ನೆಲೆಸುತ್ತದೆ. ಜನಸಾಮಾನ್ಯರ ಮನೆಯ ಅಡಿಯಲ್ಲಿ, ಮರದ ತೊಲೆಯೂ ತಳಪಾಯವೂ ಕೂಡುವ ಕತ್ತಲೆಯ ಸಂದಿಗೆ ಅದು ಇಳಿಯುವುದು ಅಪೂರ್ವ. ಆದರೆ ಆ ಸಂದಿಗೂ ಒಂದು ಇತಿಹಾಸವುಂಟು. ಮನೆಯ ನೆಲಹಲಗೆಗಳನ್ನು ಹೊರುವ ತೊಲೆಯನ್ನು ತಳಪಾಯದ ಮೇಲೆ ಸುಮ್ಮನೆ ಇರಿಸಬೇಕೆ, ಅಥವಾ ಅದಕ್ಕೆ ಬಿಗಿಯಬೇಕೆ ಎಂಬುದು ಮೇಲುನೋಟಕ್ಕೆ ಬಡಗಿಗೆ ಸಂಬಂಧಿಸಿದ ಪ್ರಶ್ನೆ. ವಿಚಾರಿಸಿ ನೋಡಿದರೆ ಅದು ಶಾಸನದ ಪ್ರಶ್ನೆಯೂ ಸಮಾಜದ ನೆನಪಿನ ಪ್ರಶ್ನೆಯೂ ಹೌದು. ಅಮೆರಿಕದ ಕ್ಯಾಲಿಫೋರ್ನಿಯವನ್ನು ಮುಖ್ಯ ನಿದರ್ಶನವಾಗಿ ಇಟ್ಟುಕೊಂಡು, ಜಪಾನಿನ ಅನುಭವವನ್ನು ಅದರೊಡನೆ ಹೋಲಿಸಿ, ಈ ಪ್ರಶ್ನೆ ಹೇಗೆ ಹುಟ್ಟಿತು, ಯಾವ ಬೆಲೆ ತೆತ್ತ ಮೇಲೆ ಉತ್ತರ ದೊರೆಯಿತು, ಆ ಉತ್ತರ ಯಾರನ್ನು ಮುಟ್ಟದೆ ಉಳಿಯಿತು ಎಂಬುದನ್ನು ಈ ಲೇಖನದಲ್ಲಿ ಪರಿಶೀಲಿಸಬಯಸುತ್ತೇವೆ.

೧. ಭಾರವೇ ಬಂಧನವಾಗಿದ್ದ ಕಾಲ

ಮರಕ್ಕೆ ಎರಡು ಹಳೆಯ ಶತ್ರುಗಳು: ತೇವ ಮತ್ತು ಗೆದ್ದಲು. ಆದಕಾರಣ ಮರವನ್ನು ಮಣ್ಣಿನಿಂದ ಮೇಲೆತ್ತಿ ಇಡುವುದೇ ಪ್ರಾಚೀನ ಶಿಲ್ಪಿಗಳ ಮೊದಲ ಚಿಂತೆಯಾಗಿತ್ತು. ನಮ್ಮ ನಾಡಿನ ತೊಟ್ಟಿಮನೆಗಳಲ್ಲಿ ಮರದ ಕಂಬವು ಅಡಿಗಲ್ಲಿನ ಮೇಲೆ ನಿಲ್ಲುವುದನ್ನು ಎಲ್ಲರೂ ಬಲ್ಲರು. ೧೭೯೧ರಲ್ಲಿ ಪೂರ್ಣಗೊಂಡ ಬೆಂಗಳೂರಿನ ಟಿಪ್ಪುವಿನ ಅರಮನೆಯಲ್ಲಿಯೂ ತೇಗದ ಕಂಬಗಳು ಕಲ್ಲಿನ ಪೀಠಗಳ ಮೇಲೆಯೇ ನಿಂತಿವೆ. ಇಂಥ ರಚನೆಯಲ್ಲಿ ಮೇಲಿನ ಕಟ್ಟಡದ ಭಾರವೇ ಕಂಬವನ್ನು ಕಲ್ಲಿಗೆ ಒತ್ತಿಹಿಡಿಯುವ ಮುಖ್ಯ ಬಂಧನ.

ಜಪಾನಿನ ಬಡಗಿಗಳೂ ಇದೇ ಮಾರ್ಗವನ್ನು ಹಿಡಿದಿದ್ದರು. ಅಲ್ಲಿಯ ಹಳೆಯ ಮನೆಗಳಲ್ಲಿಯೂ ದೇವಾಲಯಗಳಲ್ಲಿಯೂ ಕಂಬಗಳು ಬಿಡಿಬಿಡಿಯಾದ ಅಡಿಗಲ್ಲುಗಳ ಮೇಲೆ ಕುಳಿತಿರುತ್ತವೆ. ನೆಲ ಕಂಪಿಸಿದಾಗ ಕಂಬವು ಕಲ್ಲಿನ ಮೇಲೆ ತುಸು ಸರಿಯುವುದಕ್ಕೂ, ಕಂಬತೊಲೆಗಳ ಸಂದುಗಳು ತುಸು ಬಾಗುವುದಕ್ಕೂ ಈ ಪದ್ಧತಿಯಲ್ಲಿ ಅವಕಾಶವಿದೆ. ಆದರೆ ಇದನ್ನು ದೋಷರಹಿತವೆಂದು ಕೊಂಡಾಡುವುದು ಸಲ್ಲದು. ೧೮೯೧ರ ಅಕ್ಟೋಬರ್ ೨೮ರಂದು ನೋಬಿ ಬಯಲಿನಲ್ಲಿ ಸಂಭವಿಸಿದ ಭೂಕಂಪದಲ್ಲಿ ೭,೦೦೦ಕ್ಕೂ ಹೆಚ್ಚು ಜನ ಮಡಿದರು. ಮರುವರ್ಷವೇ ಜಪಾನ್ ಸರಕಾರ ಭೂಕಂಪಗಳ ಸಂಶೋಧನೆಗಾಗಿ ಒಂದು ಸಮಿತಿಯನ್ನು ಸ್ಥಾಪಿಸಿತು. ಹಳೆಯ ಪದ್ಧತಿಯನ್ನು ವೈಜ್ಞಾನಿಕವಾಗಿ ಒರೆಗೆ ಹಚ್ಚುವ ಕಾರ್ಯ ಅಲ್ಲಿಂದ ಬಲಗೊಂಡಿತು. ೧೯೫೦ರ ಕಟ್ಟಡಶಾಸನವನ್ನು ಅನುಸರಿಸಿ ಬಂದ ನಿಯಮಾವಳಿಯು, ಕಂಬಗಳ ಕೆಳಗೆ ಅಡಿತೊಲೆಯೊಂದನ್ನು ಹಾಯಿಸಿ ಅದನ್ನು ತಳಪಾಯಕ್ಕೆ ಬಿಗಿಯಬೇಕೆಂದು ವಿಧಿಸಿತು. ಶತಮಾನಗಳ ಕಾಲ ಕಲ್ಲಿನ ಮೇಲೆ ಸ್ವತಂತ್ರವಾಗಿ ನಿಂತಿದ್ದ ಮನೆ ಅಂದಿನಿಂದ ನೆಲಕ್ಕೆ ಬದ್ಧವಾಯಿತು.

೨. ಹಗುರವಾದ ಚೌಕಟ್ಟಿನ ಮನೆ

ಅಮೆರಿಕದಲ್ಲಿ ಈ ಪ್ರಶ್ನೆ ಬೇರೊಂದು ರೂಪದಲ್ಲಿ ತಲೆದೋರಿತು. ೧೮೩೦ರ ದಶಕದಲ್ಲಿ ಷಿಕಾಗೋ ನಗರದ ಸುತ್ತಮುತ್ತ ಹೊಸತೊಂದು ಕಟ್ಟಡಕ್ರಮ ಪ್ರಚಾರಕ್ಕೆ ಬಂದಿತು. ದಪ್ಪ ಕಂಬತೊಲೆಗಳಿಗೆ ಬದಲಾಗಿ ಯಂತ್ರದಲ್ಲಿ ಕೊಯ್ದ ತೆಳುವಾದ ಮರಗಳನ್ನು ಒತ್ತೊತ್ತಾಗಿ ನಿಲ್ಲಿಸಿ, ಮೊಳೆಗಳಿಂದ ಜಡಿದು ಗೋಡೆ ಮಾಡುವುದೇ ಆ ಕ್ರಮ. ಕುಶಲ ಬಡಗಿಗಳು ವಿರಳವಾಗಿದ್ದ ಪಶ್ಚಿಮದ ಹೊಸ ಊರುಗಳಿಗೆ ಇದು ಬಹಳ ಅನುಕೂಲವಾಯಿತು. ಮನೆ ಬೇಗ ಏಳುತ್ತಿತ್ತು, ಖರ್ಚೂ ಕಡಮೆ. ಆದರೆ ಭಾರವನ್ನೇ ಬಂಧನವೆಂದು ನಂಬಿದ್ದ ಹಳೆಯ ನ್ಯಾಯಕ್ಕೆ ಇದರಿಂದ ಧಕ್ಕೆಯೊದಗಿತು. ಈ ಮನೆ ಹಗುರ. ಅದನ್ನು ಸ್ಥಾನದಲ್ಲಿ ಹಿಡಿದಿಡುವ ಘರ್ಷಣೆಯೂ ಅಷ್ಟಕ್ಕಷ್ಟೆ.

ಈ ಮನೆಯ ಅಡಿಭಾಗದ ರಚನೆಯನ್ನು ಇಲ್ಲಿ ವಿವರಿಸುವುದು ಅಗತ್ಯ. ತಳಪಾಯದ ಮೇಲೆ ಉದ್ದಕ್ಕೂ ಮಲಗಿಸಿದ ಮರಕ್ಕೆ ಅಡಿತೊಲೆಯೆಂದು ಹೆಸರಿಡೋಣ. ಅನೇಕ ಮನೆಗಳಲ್ಲಿ ಅದರ ಮೇಲೆ ಒಂದೆರಡು ಅಡಿಗಳಿಂದ ನಾಲ್ಕೈದು ಅಡಿಗಳ ವರೆಗೆ ಎತ್ತರವಿರುವ ಮರದ ಮೋಟುಗೋಡೆ ಇರುತ್ತದೆ. ಮೋಟುಗೋಡೆಯ ಮೇಲೆ ಜಂತೆಗಳು, ಜಂತೆಗಳ ಮೇಲೆ ನೆಲಹಲಗೆ. ನೆಲಹಲಗೆಗೂ ಮಣ್ಣಿಗೂ ನಡುವಣ ಬಯಲಿನಲ್ಲಿ ಗಾಳಿಯಾಡಿ ತೇವ ಹೋಗಲಿ ಎಂಬುದು ಇದರ ಉದ್ದೇಶ. ತಳಪಾಯವು ಮೊದಮೊದಲು ಕಲ್ಲಿನದು, ಇಟ್ಟಿಗೆಯದು ಅಥವಾ ಮರದ ದಿಮ್ಮಿಗಳದು. ೧೮೨೪ರಲ್ಲಿ ಇಂಗ್ಲೆಂಡಿನ ಜೋಸೆಫ್ ಆಸ್ಪ್‌ಡಿನ್ ಹಕ್ಕುಪತ್ರ ಪಡೆದ ಪೋರ್ಟ್‌ಲೆಂಡ್ ಸಿಮೆಂಟಿನ ತಯಾರಿಕೆ ಮುಂದೆ ಸುಧಾರಿಸಿ, ಬೆಲೆ ಇಳಿದ ಮೇಲೆ, ಇಪ್ಪತ್ತನೆಯ ಶತಮಾನದಲ್ಲಿ ಕಾಂಕ್ರೀಟಿನ ತಳಪಾಯ ಸರ್ವಸಾಮಾನ್ಯವಾಯಿತು. ಹಸಿಯಾಗಿರುವಾಗಲೇ ಕಬ್ಬಿಣವನ್ನು ತನ್ನೊಳಗೆ ಹುದುಗಿಸಿಕೊಂಡು, ಗಟ್ಟಿಯಾದ ಮೇಲೆ ಅದನ್ನು ಬಿಡದೆ ಹಿಡಿಯುವುದು ಕಾಂಕ್ರೀಟಿನ ಗುಣ. ಮರವನ್ನು ತಳಪಾಯಕ್ಕೆ ಸುಲಭವಾಗಿ ಬಿಗಿಯುವ ಸಾಧನ ಹೀಗೆ ಕೈಗೆ ಬಂದಿತು. ಆದರೆ ಸಾಧನ ಒದಗಿದ ಮಾತ್ರಕ್ಕೆ ಅದರ ಬಳಕೆ ಕಡ್ಡಾಯವಾಗಲಿಲ್ಲ.

೩. ಮರೆಯಲೆತ್ನಿಸಿದ ಭೂಕಂಪ

೧೯೦೬ರ ಏಪ್ರಿಲ್ ೧೮ರ ಬೆಳಗಿನ ಜಾವ ೫ ಗಂಟೆ ೧೨ ನಿಮಿಷಕ್ಕೆ ಸಾನ್ ಫ್ರಾನ್ಸಿಸ್ಕೋ ನಗರ ನಡುಗಿತು. ಆಂಡ್ರೂ ಲಾಸನ್ ಎಂಬ ಭೂವಿಜ್ಞಾನಿಯ ನೇತೃತ್ವದಲ್ಲಿ ನೇಮಕವಾದ ಆಯೋಗದ ವರದಿ ೧೯೦೮ರಲ್ಲಿ ಪ್ರಕಟವಾಯಿತು. ಹೂಳು ತುಂಬಿ ಸಮಮಾಡಿದ ನೆಲದ ಮೇಲೆ ಕಂಪನ ಅತ್ಯಂತ ತೀವ್ರವಾಗಿತ್ತೆಂಬುದು ಅದರಿಂದ ತಿಳಿದುಬರುತ್ತದೆ. ಮರದ ಮನೆಗಳು ಇಟ್ಟಿಗೆಯ ಮನೆಗಳಂತೆ ಪುಡಿಪುಡಿಯಾಗಲಿಲ್ಲ. ಅನೇಕ ಮನೆಗಳು ಇಡಿಯಾಗಿಯೇ ತಳಪಾಯದಿಂದ ಜಾರಿ ಪಕ್ಕಕ್ಕೆ ವಾಲಿದವು.

ಈ ಪಾಠ ಶಾಸನಕ್ಕೆ ಇಳಿಯಲಿಲ್ಲವೇಕೆ? ಕಂಪನದ ಹಿಂದೆಯೇ ಎದ್ದ ಬೆಂಕಿ ಕೆಲವು ದಿನಗಳ ಕಾಲ ನಗರವನ್ನು ದಹಿಸಿತು. ನಗರದ ವರ್ತಕರೂ ಮುಖಂಡರೂ ಈ ದುರಂತವನ್ನು ‘ಮಹಾ ಅಗ್ನಿ’ಯೆಂದು ಕರೆಯಲು ಇಷ್ಟಪಟ್ಟರು. ಬೆಂಕಿ ಯಾವ ಊರಿಗೂ ಬರಬಹುದು. ಭೂಕಂಪವಾದರೋ ಆ ಊರಿಗೇ ಅಂಟಿದ ಕಳಂಕ, ಬಂಡವಾಳವನ್ನು ದೂರ ಓಡಿಸುವ ಕಳಂಕ. ಮಡಿದವರು ಕೆಲವು ನೂರು ಜನರೆಂದು ಆಗ ಲೆಕ್ಕ ಕೊಡಲಾಗಿತ್ತು. ಸುಮಾರು ೩,೦೦೦ ಜನ ಎಂಬುದು ಅನಂತರದ ಸಂಶೋಧನೆಯ ನಿರ್ಣಯ. ನಗರವನ್ನು ಮತ್ತೆ ಕಟ್ಟುವಾಗ ಕಟ್ಟಡಗಳು ಚದರ ಅಡಿಗೆ ೩೦ ಪೌಂಡು ಗಾಳಿಯ ಒತ್ತಡವನ್ನು ತಡೆಯಬೇಕೆಂದು ವಿಧಿಸಲಾಯಿತು. ಅದರಿಂದ ಭೂಕಂಪಕ್ಕೂ ಪರೋಕ್ಷವಾಗಿ ರಕ್ಷಣೆ ದೊರೆಯುವುದೆಂಬ ಭಾವನೆಯಿತ್ತು. ಭೂಕಂಪದ ಹೆಸರೆತ್ತದೆ ಅದಕ್ಕೆ ಪರಿಹಾರ ಹುಡುಕಿದ ಈ ಕ್ರಮವನ್ನು ಇತಿಹಾಸದ ವಿದ್ಯಾರ್ಥಿಗಳು ವಿಶೇಷವಾಗಿ ಗಮನಿಸಬೇಕು.

೧೯೨೫ರ ಜೂನ್ ೨೯ರಂದು ಸಾಂಟಾ ಬಾರ್ಬರ ನಗರ ಹಾಳಾಯಿತು. ೧೯೨೭ರಲ್ಲಿ ಪಶ್ಚಿಮ ತೀರದ ಕಟ್ಟಡಾಧಿಕಾರಿಗಳು ಹೊರತಂದ ಏಕರೂಪ ಕಟ್ಟಡನಿಯಮಾವಳಿಯಲ್ಲಿ ಭೂಕಂಪದ ವಿಷಯ ಅನುಬಂಧವಾಗಿ ಸೇರಿತು; ಅದನ್ನು ಅಂಗೀಕರಿಸುವುದು ಬಿಡುವುದು ಆಯಾ ಊರಿನವರ ಇಚ್ಛೆ. ೧೯೩೩ರ ಮಾರ್ಚ್ ೧೦ರ ಸಂಜೆ ಲಾಂಗ್ ಬೀಚ್ ಪ್ರದೇಶದಲ್ಲಿ ೬.೪ ಪ್ರಮಾಣದ ಭೂಕಂಪವಾಗಿ ಸುಮಾರು ೧೨೦ ಜನ ಮಡಿದರು. ಅನೇಕ ಶಾಲಾಕಟ್ಟಡಗಳು ಕುಸಿದವು. ಶಾಲೆ ಬಿಟ್ಟ ಹೊತ್ತಾಗಿದ್ದುದರಿಂದ ಸಾವಿರಾರು ಮಕ್ಕಳು ಉಳಿದರು. ಒಂದೇ ತಿಂಗಳಲ್ಲಿ ಶಾಲಾಕಟ್ಟಡಗಳನ್ನು ಕುರಿತ ಫೀಲ್ಡ್ ಶಾಸನವೂ, ಮೇ ತಿಂಗಳಲ್ಲಿ ಇತರ ಕಟ್ಟಡಗಳಿಗೆ ಅನ್ವಯಿಸುವ ರೈಲಿ ಶಾಸನವೂ ಜಾರಿಗೆ ಬಂದವು. ಗಾಳಿಯ ಮರೆಯಲ್ಲಿ ಅಡಗಿದ್ದ ಭೂಕಂಪ ಇಡೀ ಸಂಸ್ಥಾನದ ಶಾಸನದಲ್ಲಿ ತನ್ನ ಹೆಸರಿನಿಂದಲೇ ಪ್ರವೇಶಿಸಿತು. ಮೊದಲ ದುರಂತಕ್ಕೂ ಈ ಶಾಸನಗಳಿಗೂ ನಡುವೆ ಕಳೆದದ್ದು ೨೭ ವರ್ಷ.

೪. ಬೋಲ್ಟಿನ ನಿಯಮ

ಈ ಬೆಳವಣಿಗೆಯ ಫಲವಾಗಿ ೧೯೪೦ರ ಸುಮಾರಿನಿಂದೀಚೆಗೆ ಕ್ಯಾಲಿಫೋರ್ನಿಯದ ಹೊಸ ಮನೆಗಳಲ್ಲಿ ಅಡಿತೊಲೆಯನ್ನು ಬೋಲ್ಟುಗಳಿಂದ ಬಿಗಿಯುವುದು ರೂಢಿಯಾಯಿತು. ಏಕರೂಪ ನಿಯಮಾವಳಿಯಲ್ಲಿ ಕಾಲಕ್ರಮದಲ್ಲಿ ನೆಲೆನಿಂತ ವಿಧಿ ಹೀಗಿದೆ: ಬೋಲ್ಟಿನ ದಪ್ಪ ಅರ್ಧ ಅಂಗುಲಕ್ಕೆ ಕಡಮೆಯಿರಬಾರದು, ಅದು ಕಾಂಕ್ರೀಟಿನೊಳಗೆ ೭ ಅಂಗುಲವಾದರೂ ಇಳಿದಿರಬೇಕು, ಎರಡು ಬೋಲ್ಟುಗಳ ನಡುವಣ ಅಂತರ ೬ ಅಡಿ ಮೀರಬಾರದು, ಅಡಿತೊಲೆಯ ಪ್ರತಿಯೊಂದು ತುಂಡಿಗೂ ಎರಡು ಬೋಲ್ಟುಗಳಾದರೂ ಇರಬೇಕು, ಕೊನೆಯ ಬೋಲ್ಟು ತುಂಡಿನ ತುದಿಯಿಂದ ೧೨ ಅಂಗುಲದೊಳಗೆ ಇರಬೇಕು.

ಈ ಅಂಕಿಗಳ ಹಿಂದಿರುವ ತರ್ಕ ಸರಳ. ನೆಲ ಒಂದು ಕಡೆಗೆ ಥಟ್ಟನೆ ಸರಿದಾಗ ತಳಪಾಯವೂ ಅದರೊಡನೆ ಸರಿಯುತ್ತದೆ. ಜಡತ್ವದಿಂದಾಗಿ ಮನೆ ಇದ್ದಲ್ಲಿಯೇ ಉಳಿಯಲೆಳಸುತ್ತದೆ. ಈ ಎರಡರ ಎಳೆದಾಟ ನಡೆಯುವುದು ಅಡಿತೊಲೆಯ ತಳದಲ್ಲಿ. ನೆಲ ಮೇಲಕ್ಕೂ ಕೆಳಕ್ಕೂ ಕುಲುಕುವಾಗ ಮನೆಯ ಒತ್ತುಭಾರ ಕ್ಷಣಕಾಲ ತಗ್ಗಿ ಘರ್ಷಣೆಯೂ ತಗ್ಗುತ್ತದೆ. ಆಗ ಮನೆಯನ್ನು ಸ್ಥಾನದಲ್ಲಿ ಹಿಡಿಯುವುದು ಬೋಲ್ಟು ಮಾತ್ರ. ಮನೆ ಕೆಲವೇ ಅಂಗುಲ ಜಾರಿದರೂ ಅಡುಗೆಯ ಅನಿಲದ ಕೊಳವೆ ಹರಿದು ಬೆಂಕಿ ಹೊತ್ತಿಕೊಳ್ಳಬಹುದು.

೫. ಶಾಸನದ ಹೊರಗುಳಿದ ಮನೆಗಳು

ಕಟ್ಟಡನಿಯಮಗಳು ಸಾಮಾನ್ಯವಾಗಿ ಮುಂದೆ ಕಟ್ಟಲಿರುವ ಮನೆಗಳನ್ನು ಆಳುತ್ತವೆ. ಆಗಲೇ ನಿಂತಿರುವ ಮನೆಯೊಳಕ್ಕೆ ಅವು ಕಾಲಿಡುವುದಿಲ್ಲ. ಇದರ ಪರಿಣಾಮ ಮುಂದಿನ ಭೂಕಂಪಗಳಲ್ಲಿ ಸ್ಪಷ್ಟವಾಯಿತು. ೧೯೮೩ರ ಮೇ ೨ರಂದು ಕೋಲಿಂಗ ಎಂಬ ಸಣ್ಣ ಪಟ್ಟಣದಲ್ಲಿ ಹಳೆಯ ಮರದ ಮನೆಗಳು ತಳಪಾಯದಿಂದ ಜಾರಿಬಿದ್ದವು. ೧೯೮೯ರ ಅಕ್ಟೋಬರ್ ೧೭ರ ಲೋಮಾ ಪ್ರಿಯೇಟ ಭೂಕಂಪದಲ್ಲಿ ಸಾಂಟಾ ಕ್ರೂಜ್, ವಾಟ್ಸನ್‌ವಿಲ್ ಊರುಗಳ ಹಳೆಯ ಮನೆಗಳು ಅದೇ ದುರ್ಗತಿಯನ್ನು ಕಂಡವು.

ಇಲ್ಲಿ ಮತ್ತೊಂದು ಅಂಶವೂ ಬೆಳಕಿಗೆ ಬಂದಿತು. ಅಡಿತೊಲೆಯನ್ನು ಎಷ್ಟೇ ಭದ್ರವಾಗಿ ಬಿಗಿದರೂ ಅದರ ಮೇಲಿನ ಮೋಟುಗೋಡೆ ದುರ್ಬಲವಾಗಿದ್ದರೆ, ಬೋಲ್ಟು ಅಡಿತೊಲೆಯನ್ನು ಹಿಡಿದುಕೊಂಡೇ ಇರುತ್ತದೆ, ಮನೆ ಮಾತ್ರ ಮೋಟುಗೋಡೆಯನ್ನು ಮಡಿಸಿ ಉರುಳುತ್ತದೆ. ಆದುದರಿಂದ ಮೋಟುಗೋಡೆಯ ಒಳಮೈಗೆ ಪ್ಲೈವುಡ್ ಹಲಗೆಗಳನ್ನು ಒತ್ತಾಗಿ ಮೊಳೆ ಹೊಡೆದು ಕೂರಿಸುವುದೂ ಬೋಲ್ಟು ಹಾಕುವುದೂ ಒಂದೇ ಕೆಲಸದ ಎರಡು ಭಾಗಗಳೆಂದು ತಜ್ಞರು ಪರಿಗಣಿಸಿದರು.

೧೯೯೪ರ ಜನವರಿ ೧೭ರ ನಾರ್ತ್‌ರಿಜ್ ಭೂಕಂಪವು ಬೋಲ್ಟು ಇದ್ದ ಮನೆಗಳನ್ನೂ ಪರೀಕ್ಷಿಸಿತು. ಗೋಡೆಯ ಅಂಚು ಮೇಲಕ್ಕೆ ಎಳೆದಾಗ ಕೆಲವೆಡೆ ಅಡಿತೊಲೆಯೇ ಬೋಲ್ಟಿನ ಸಾಲಿನಲ್ಲಿ ಉದ್ದಕ್ಕೆ ಸೀಳಿತ್ತು. ನಟ್ಟಿನ ಕೆಳಗಣ ಸಣ್ಣ ದುಂಡು ವಾಷರು ಮರದ ಅಗಲವನ್ನೆಲ್ಲ ಒತ್ತಿಹಿಡಿಯಲಾರದೆಂಬುದು ಇದರ ಕಾರಣಗಳಲ್ಲೊಂದು. ೧೯೯೭ರ ನಿಯಮಾವಳಿಯು ಅತಿತೀವ್ರ ಕಂಪನದ ವಲಯದಲ್ಲಿ ಬೋಲ್ಟಿನ ದಪ್ಪವನ್ನು ೫/೮ ಅಂಗುಲಕ್ಕೆ ಏರಿಸಿ, ೨ ಅಂಗುಲ ಚೌಕದ ಉಕ್ಕಿನ ತಗಡನ್ನು ವಾಷರಾಗಿ ಕಡ್ಡಾಯ ಮಾಡಿತು. ಸರಿಯಾಗಿ ಒಂದು ವರ್ಷಕ್ಕೆ, ೧೯೯೫ರ ಜನವರಿ ೧೭ರಂದು, ಜಪಾನಿನ ಕೋಬೆ ಪ್ರದೇಶದಲ್ಲಿ ೬,೪೦೦ಕ್ಕೂ ಮಿಕ್ಕಿ ಜನ ಮಡಿದರು. ಅವರಲ್ಲಿ ಬಹುಮಂದಿ ಕುಸಿದ ಹಳೆಯ ಮರದ ಮನೆಗಳಡಿ ಸಿಕ್ಕಿದವರು. ಬಿದ್ದ ಮನೆಗಳಲ್ಲಿ ಅನೇಕವುಗಳ ಅಡಿಭಾಗವನ್ನು ತೇವವೂ ಗೆದ್ದಲೂ ತಿಂದಿದ್ದವು. ಪ್ರಾಚೀನ ಶಿಲ್ಪಿಗಳನ್ನು ಕಾಡಿದ್ದ ಶತ್ರುಗಳೇ ಇಲ್ಲಿಯೂ ಕಾಣಿಸಿಕೊಂಡವು. ಮರ ಕೊಳೆತ ಮೇಲೆ ಬೋಲ್ಟು ಏನನ್ನು ಹಿಡಿದೀತು?

ಹಳೆಯ ಮನೆಗೆ ಹೊಸದಾಗಿ ಬೋಲ್ಟು ಹಾಕುವುದು ದುಬಾರಿ. ಕೆಲಸಗಾರರು ನೆಲಹಲಗೆಯ ಕೆಳಗೆ ತೆವಳಿಕೊಂಡು ಹೋಗಿ ಕಾಂಕ್ರೀಟನ್ನು ಕೊರೆಯಬೇಕು. ಕ್ಯಾಲಿಫೋರ್ನಿಯದಲ್ಲಿ ಇದಕ್ಕಾಗಿ ೨೦೧೩ರಲ್ಲಿ ಪ್ರಾರಂಭವಾದ ಯೋಜನೆಯೊಂದು ೧೯೮೦ಕ್ಕೆ ಮುಂಚಿನ ಅರ್ಹ ಮನೆಗಳ ಒಡೆಯರಿಗೆ ೩,೦೦೦ ಡಾಲರುಗಳ ವರೆಗೆ ಸಹಾಯಧನ ನೀಡತೊಡಗಿತು. ೧೯೦೬ರ ದುರಂತಕ್ಕೆ ಆಗ ನೂರು ವರ್ಷ ಮೀರಿತ್ತು. ಆದರೂ ೨೦೨೨ರ ಡಿಸೆಂಬರ್ ೨೦ರಂದು ಆ ಸಂಸ್ಥಾನದ ಉತ್ತರದಲ್ಲಿರುವ ರಿಯೋ ಡೆಲ್ ಊರಿನಲ್ಲಿ ಮನೆಗಳು ಮತ್ತೆ ತಳಪಾಯದಿಂದ ಜಾರಿದವು.

೬. ಉಪಸಂಹಾರ

ಭಾರತೀಯ ಪ್ರಮಾಣ ಸಂಸ್ಥೆಯು ೧೯೬೭ರಲ್ಲಿ ಮೊದಲು ಹೊರತಂದು ೧೯೯೩ರಲ್ಲಿ ಪರಿಷ್ಕರಿಸಿದ, ೪೩೨೬ನೆಯ ಸಂಖ್ಯೆಯ ಭೂಕಂಪನಿರೋಧಕ ಕಟ್ಟಡಗಳ ಸಂಹಿತೆ ಈ ವಿಷಯದಲ್ಲಿ ಗಮನಾರ್ಹ. ಮರದ ಕಟ್ಟಡವನ್ನು ಪೀಠದ ಮೇಲೆ ಸರಿಯಲು ಬಿಟ್ಟು ಸುಮ್ಮನೆ ಕೂರಿಸಬಹುದು, ಇಲ್ಲವೆ ತಳಪಾಯಕ್ಕೆ ಬಿಗಿಯಾಗಿ ಬಂಧಿಸಬಹುದು ಎಂದು ಅದು ಎರಡು ಮಾರ್ಗಗಳನ್ನೂ ಅಂಗೀಕರಿಸಿದೆ. ಹಳೆಯ ಬಡಗಿಯ ಅನುಭವವೂ ಹೊಸ ಎಂಜಿನಿಯರನ ಗಣಿತವೂ ಒಂದೇ ಸಂಹಿತೆಯಲ್ಲಿ ಅಕ್ಕಪಕ್ಕ ಕುಳಿತಿರುವುದನ್ನು ಇಲ್ಲಿ ಕಾಣುತ್ತೇವೆ.

ಮೇಲಿನ ಪರಿಶೀಲನೆಯಿಂದ ನಾವು ತಲಪುವ ನಿರ್ಣಯವಿಷ್ಟು. ಸರಿಯಲು ಬಿಟ್ಟ ಮನೆಗೆ ಒಂದು ನ್ಯಾಯವಿದೆ, ಬಿಗಿದ ಮನೆಗೆ ಇನ್ನೊಂದು. ಸರಿದರೆ ತಾಳಲಾರದಂತೆ ಕಟ್ಟಿ, ಸರಿಯದಂತೆ ಬಿಗಿಯದೆ ಬಿಟ್ಟ ಮನೆಗೆ ಯಾವ ನ್ಯಾಯವೂ ಇಲ್ಲ. ಕ್ಯಾಲಿಫೋರ್ನಿಯದಲ್ಲಿ ಹೆಚ್ಚಾಗಿ ಬಿದ್ದವು ಈ ಮೂರನೆಯ ಬಗೆಯವು. ಅವುಗಳ ಪತನಕ್ಕೆ ಅಜ್ಞಾನವೊಂದೇ ಕಾರಣವಾಗಿರಲಿಲ್ಲ. ತಿಳಿದದ್ದನ್ನು ಹೆಸರಿಸಲು ಹಿಂಜರಿದುದು ಒಂದು ತಲೆಮಾರಿನ ಕಾಲವನ್ನು ನುಂಗಿತು. ಹೆಸರಿಸಿದ ಮೇಲೂ ಹಳೆಯ ಮನೆಗಳನ್ನು ಅವುಗಳ ಪಾಡಿಗೆ ಬಿಟ್ಟುದು ಮತ್ತೆರಡು ತಲೆಮಾರುಗಳ ಕಾಲವನ್ನು ನುಂಗಿತು. ಶಾಸನವು ಯಾವ ವರ್ಷ ಜಾರಿಗೆ ಬಂದಿತೆಂದು ಬರೆದು ಮುಗಿಸುವ ಇತಿಹಾಸ ಅಪೂರ್ಣ. ಅದು ಎಷ್ಟು ಮನೆಗಳ ಅಡಿತೊಲೆಯನ್ನು ಮುಟ್ಟಿತು, ಎಷ್ಟನ್ನು ಮುಟ್ಟಲಿಲ್ಲ ಎಂಬುದನ್ನೂ ಇತಿಹಾಸಕಾರನು ಕೇಳಬೇಕು.