ಎಲೆಯ ಮೇಲಿನ ವಲಸೆ

ಹೇಮಗುಡ್ಡದ ಕೋಟೆ ನೋಡಿದ ಮೇಲೆ ನಾನು ಊಟಕ್ಕೆ ಹುಡುಕುವುದು ಗಂಗಾವತಿ ಕಡೆಯ ಆಂಧ್ರ ಮೆಸ್ಸನ್ನೇ. ಅಲ್ಲಿ ಎಲೆಗೆ ಬೀಳುವುದೂ ಇತಿಹಾಸವೇ ಅನ್ನಿ!

1953ರಲ್ಲಿ ತುಂಗಭದ್ರಾ ಅಣೆಕಟ್ಟಿನಿಂದ ಕಾಲುವೆಗೆ ನೀರು ಬಂತು. ಜೋಳ ಬೆಳೆಯುತ್ತಿದ್ದ ನಮ್ಮವರಿಗೆ ನೀರಾವರಿ ಹೊಸದು, ಹೊಲ ಸಮ ಮಾಡಿಸಲು ದುಡ್ಡೂ ಇರಲಿಲ್ಲ. ಕೃಷ್ಣಾ, ಗೋದಾವರಿ ಬಯಲಿನ ರೈತರು ಬಂದು ಹೊಲ ಕೊಂಡರು, ಭತ್ತ ಹಚ್ಚಿದರು. ಅವರ ಬಿಡಾರಗಳೇ ಇಂದಿನ ‘ಕ್ಯಾಂಪು’ಗಳು. ಮಾರಿದವರಲ್ಲಿ ಎಷ್ಟೋ ಮಂದಿ ಕೂಲಿಗೆ ಇಳಿದರು. ಅದನ್ನು ಬಿಟ್ಟು ‘ಭತ್ತದ ಕಣಜ’ ಎಂದು ಹೊಗಳಿದರೆ ಅರ್ಧ ಕಥೆ ಹೇಳಿದಂತೆ.

ಅಲ್ಲಿ ಬಡಿಸುವ ಗೋಂಗೂರ ನಮ್ಮ ಪುಂಡಿಸೊಪ್ಪೇ. ನಾವು ನುಚ್ಚು ಹಾಕಿ ಬೇಯಿಸಿ ರೊಟ್ಟಿ ಜೊತೆ ತಿಂತೀವಿ, ಅವರು ಬಿಸಿ ಅನ್ನಕ್ಕೆ ಕಲಸ್ತಾರೆ. ಸೊಪ್ಪಿನ ವಿಷಯದಲ್ಲಿ ಜಗಳವಿಲ್ಲ. ಲೆಕ್ಕ ಬಾಕಿ ಇರುವುದು ಹೊಲದ್ದು. ಏನಂತೀರಿ?