ಎಂಜಲಿನಿಂದ ಬೈಟುವರೆಗೆ

ಭಾನುವಾರ ಮಧ್ಯಾಹ್ನ ಮೈಸೂರಿನ ಯಾವುದಾದರೂ ಹೆಸರುವಾಸಿ ಹೋಟೆಲಿನಲ್ಲಿ ಅರ್ಧ ಗಂಟೆ ಕೂತರೆ ಒಂದು ಮಾತು ಹತ್ತು ಸಲವಾದರೂ ಕಿವಿಗೆ ಬೀಳುತ್ತದೆ: “ಅಣ್ಣಾ, ಎರಡು ಖಾಲಿ ಪ್ಲೇಟ್ ಕೊಡಿ.” ಹುಣಸೂರಿನಿಂದ ಬಟ್ಟೆ ಕೊಳ್ಳಲು ಬಂದ ಸಂಸಾರ, ಕೆ.ಆರ್. ನಗರದಿಂದ ಮಗಳ ಕಾಲೇಜಿನ ಫೀಸು ಕಟ್ಟಲು ಬಂದ ತಂದೆ, ಎಚ್.ಡಿ. ಕೋಟೆಯಿಂದ ಆಸ್ಪತ್ರೆಗೆ ಬಂದವರು, ಪಿರಿಯಾಪಟ್ಟಣದ ಕಡೆಯ ಹುಡುಗರ ಗುಂಪು. ಎರಡು ಬಿರಿಯಾನಿ, ಒಂದು ಚಾಪ್ಸ್, ಒಂದು ಕಬಾಬ್ ತರಿಸಿ ಮೇಜಿನ ನಡುವೆ ಇಟ್ಟುಕೊಂಡು ಐದು ಜನ ಹಂಚಿಕೊಳ್ಳುತ್ತಾರೆ. ಒಬ್ಬರ ತಟ್ಟೆಯ ತುಂಡು ಇನ್ನೊಬ್ಬರ ತಟ್ಟೆಗೆ ಹೋಗುತ್ತದೆ. ಯಾರೂ ಇದನ್ನು ವಿಶೇಷ ಎಂದುಕೊಳ್ಳುವುದಿಲ್ಲ.

ನೂರು ವರ್ಷದ ಹಿಂದೆ ಇದೇ ಊರಿನಲ್ಲಿ ಇದೇ ಜನ ಹೀಗೆ ಕೂರಲು ಆಗುತ್ತಿರಲಿಲ್ಲ. ಹಣವಿಲ್ಲದ್ದು ಒಂದು ಕಾರಣ, ಆದರೆ ಅದೊಂದೇ ಅಲ್ಲ. ಯಾರು ಯಾರ ಪಕ್ಕ ಕೂತು ಉಣ್ಣಬಹುದು, ಯಾರು ಮುಟ್ಟಿದ್ದನ್ನು ಯಾರು ಬಾಯಿಗೆ ಇಡಬಹುದು ಎಂಬುದಕ್ಕೆ ನಮ್ಮಲ್ಲಿ ದೊಡ್ಡ ಕಾನೂನೇ ಇತ್ತು. ಅದರ ಒಂದೊಂದು ಕಲಮಿಗೂ ಕನ್ನಡದಲ್ಲಿ ಒಂದೊಂದು ಪದವಿದೆ.

ಮೊದಲನೆಯದು ಎಂಜಲು. ಬಾಯಿ ತಾಗಿದ್ದು, ಉಂಡು ಉಳಿದದ್ದು. ಎರಡನೆಯದು ಮುಸುರೆ. ಬೆಂದ ಅನ್ನ ತಾಗಿದ್ದೆಲ್ಲ ಮುಸುರೆ. ಆ ಕೈಯಲ್ಲಿ ಉಪ್ಪಿನಕಾಯಿ ಭರಣಿ ಮುಟ್ಟುವಂತಿಲ್ಲ, ಮೊಸರಿನ ಗಡಿಗೆ ಮುಟ್ಟುವಂತಿಲ್ಲ. ಮೂರನೆಯದು ಮಡಿ. ಈ ಮೂರೂ ಸೇರಿ ಅಡುಗೆಮನೆಯ ಭೂಪಟವನ್ನೇ ಬರೆದಿದ್ದವು. ನೀರನ್ನು ಲೋಟಕ್ಕೆ ತುಟಿ ತಾಗಿಸದೆ ಎತ್ತಿ ಕುಡಿಯುವುದು, ಬಡಿಸುವ ಸೌಟು ಎಲೆಗೆ ತಾಗದಂತೆ ಮೇಲಿನಿಂದಲೇ ಸುರಿಯುವುದು ಈ ಭೂಪಟದ ಗೆರೆಗಳು. ಬಾಳೆಎಲೆಯನ್ನು ನಾವು ಹಬ್ಬದ ಚಂದಕ್ಕಾಗಿ ನೆನೆಯುತ್ತೇವೆ. ಅದರ ಇನ್ನೊಂದು ಗುಣ ಎಂದರೆ ಒಬ್ಬರು ಉಂಡ ಮೇಲೆ ಅದು ಇನ್ನೊಬ್ಬರಿಗೆ ಒದಗುವುದಿಲ್ಲ. ತೊಳೆಯುವ ಪ್ರಶ್ನೆಯೂ ಇಲ್ಲ, ಯಾರು ತೊಳೆದರು ಎಂಬ ಅನುಮಾನವೂ ಇಲ್ಲ.

ಎಂಜಲನ್ನು ಹಂಚಿಕೊಳ್ಳುವುದು ಪೂರ್ತಿ ನಿಷಿದ್ಧವಾಗಿತ್ತು ಎಂದಲ್ಲ. ತಾಯಿ ಮಗುವಿನ ತಟ್ಟೆಯಲ್ಲಿ ಉಳಿದದ್ದನ್ನು ತಿನ್ನುತ್ತಿದ್ದಳು. ಗಂಡ ಉಂಡೆದ್ದ ಎಲೆಯಲ್ಲೇ ಹೆಂಡತಿ ಬಡಿಸಿಕೊಳ್ಳುವುದು ಎಷ್ಟೋ ಮನೆಗಳಲ್ಲಿ ರೂಢಿ. ಗುರುವಿನ ಎಂಜಲು ಶಿಷ್ಯನಿಗೆ ಪ್ರಸಾದ. ಒಡೆಯನ ಮನೆಯಲ್ಲಿ ಮಿಕ್ಕದ್ದು ಜೀತದವನ ಪಾಲು. ಮೊದಲನೆಯದನ್ನು ಬಿಟ್ಟು ನೋಡಿದರೆ ಮಿಕ್ಕವೆಲ್ಲ ಒಂದೇ ದಿಕ್ಕಿಗೆ, ಮೇಲಿನಿಂದ ಕೆಳಕ್ಕೆ ಹರಿಯುತ್ತವೆ. ಎಂಜಲು ಕೆಳಗಿನಿಂದ ಮೇಲಕ್ಕೆ ಹೋದದ್ದು ಕಥೆಗಳಲ್ಲಿ ಮಾತ್ರ. ಶಬರಿ ಕಚ್ಚಿ ನೋಡಿದ ಹಣ್ಣನ್ನು ರಾಮ ತಿಂದ, ಬೇಡರ ಕಣ್ಣಪ್ಪ ರುಚಿ ನೋಡಿ ಕೊಟ್ಟ ಮಾಂಸವನ್ನು ಶಿವ ಒಪ್ಪಿದ. 1954ರಲ್ಲಿ ‘ಬೇಡರ ಕಣ್ಣಪ್ಪ’ ಸಿನಿಮಾ ಬಂದಾಗ ನಮ್ಮ ಸೀಮೆಯ ಜನ ಕಣ್ಣೀರಿಟ್ಟು ನೋಡಿದರು. ದೇವರು ಎಂಜಲು ತಿಂದದ್ದಕ್ಕೆ ಕೈಮುಗಿದವರೇ ಊರಿಗೆ ಮರಳಿ ಕೇರಿಯವರಿಗೆ ಕೈಗೆ ನೀರು ಸುರಿಯುತ್ತಿದ್ದರು.

ಈ ಕಾನೂನನ್ನು ಮುರಿದವರ ಪರಂಪರೆಯೂ ಹಳೆಯದೇ. ಅಸ್ಪೃಶ್ಯನೆನಿಸಿಕೊಂಡ ನಾಗಿದೇವನ ಮನೆಯಲ್ಲಿ ಬಸವಣ್ಣ ಉಂಡನೆಂದು ಬಿಜ್ಜಳನ ಬಳಿಗೆ ದೂರು ಹೋದ ಪ್ರಸಂಗವನ್ನು ಶರಣರ ಚರಿತೆಗಳು ಹೇಳುತ್ತವೆ. ನಮ್ಮ ಸೀಮೆಗೆ ಇನ್ನೂ ಹತ್ತಿರದ್ದು ಮಂಟೇಸ್ವಾಮಿ ಪರಂಪರೆ. ಕೆ.ಆರ್. ನಗರ ತಾಲೂಕಿನಲ್ಲಿ ಕಾವೇರಿ ದಂಡೆಯ ಕಪ್ಪಡಿ ಕ್ಷೇತ್ರ ರಾಚಪ್ಪಾಜಿ, ಚನ್ನಾಜಮ್ಮನವರ ಗದ್ದುಗೆಯ ಊರು. ಶಿವರಾತ್ರಿಯಿಂದ ಯುಗಾದಿಯವರೆಗೆ ಅಲ್ಲಿ ಜಾತ್ರೆ. ಇದೇ ಪರಂಪರೆಯ ಸಿದ್ದಪ್ಪಾಜಿಯ ಚಿಕ್ಕಲ್ಲೂರು ಜಾತ್ರೆಯಲ್ಲಿ ಒಂದು ದಿನದ ಹೆಸರೇ ‘ಪಂಕ್ತಿಸೇವೆ’. ಬಯಲಿನಲ್ಲಿ ಒಲೆ ಹೂಡಿ, ಬಾಡೂಟ ಮಾಡಿ, ಜಾತಿ ಕೇಳದೆ ಸಾಲಾಗಿ ಕೂತು ಉಣ್ಣುವುದೇ ಅಲ್ಲಿನ ಪೂಜೆ. ಪ್ರಾಣಿಬಲಿ ನಿಷೇಧದ ಹೆಸರಿನಲ್ಲಿ ಅದನ್ನು ತಡೆಯಲು ಅಧಿಕಾರಿಗಳು ಹೊರಟಾಗ ಭಕ್ತರು ಕೊಟ್ಟ ಉತ್ತರ ಸರಳವಾಗಿತ್ತು: ಇದು ಬಲಿಯಲ್ಲ, ಊಟ. ‘ಪಂಕ್ತಿ’ ಎಂಬ ಪದ ನಮ್ಮಲ್ಲಿ ಬಹುಕಾಲ ಬೇರೆ ಮಾಡಲು ಬಳಕೆಯಾದದ್ದು. ಪಂಕ್ತಿಭೇದ ಎಂದರೆ ಎಲ್ಲರಿಗೂ ಗೊತ್ತು. ನೀಲಗಾರರು ಆ ಪದವನ್ನೇ ಹಿಡಿದು ತಿರುಗಿಸಿ ಹಾಕಿದರು.

ಜಾತ್ರೆ ವರ್ಷಕ್ಕೊಂದು ಸಲ. ದಿನನಿತ್ಯದ ಊಟವನ್ನು ಬದಲಾಯಿಸಿದ್ದು ಹೋಟೆಲು. ಹಾಗೆಂದು ಹೋಟೆಲು ಬರುವಾಗಲೇ ಎಲ್ಲರಿಗೂ ಬಾಗಿಲು ತೆರೆದುಕೊಂಡು ಬರಲಿಲ್ಲ. ಪಾರಂಪಳ್ಳಿ ಯಜ್ಞನಾರಾಯಣ ಮಯ್ಯರು ಅಣ್ಣತಮ್ಮಂದಿರೊಂದಿಗೆ 1924ರಲ್ಲಿ ಬೆಂಗಳೂರಿನಲ್ಲಿ ತೆರೆದ ಹೋಟೆಲಿನ ಮೊದಲ ಹೆಸರು ‘ಬ್ರಾಹ್ಮಣ ಕಾಫಿ ಕ್ಲಬ್’. ಮುಂದೆ ಅದು ಮಾವಳ್ಳಿ ಟಿಫಿನ್ ರೂಮ್ಸ್, ಎಂಟಿಆರ್ ಆಯಿತು. ಆ ಕಾಲದಲ್ಲಿ ಅಂಥ ಹೆಸರು ಅಪರೂಪವಲ್ಲ. ಹೊರಗೆ ತಿನ್ನಲು ಅಂಜುವ ಗಿರಾಕಿಗೆ ‘ಅಡುಗೆ ಮಾಡಿದವರು ಇಂಥವರು’ ಎಂದು ಧೈರ್ಯ ಹೇಳುವ ಬೋರ್ಡು ಅದು. ದಕ್ಷಿಣದ ಊರುಗಳ ಹಲವು ಹೋಟೆಲುಗಳಲ್ಲಿ ಬ್ರಾಹ್ಮಣರಿಗೆ ಒಳಗೊಂದು ಕೋಣೆ, ಉಳಿದವರಿಗೆ ಹೊರಗಿನ ಸಾಲು ಇರುತ್ತಿತ್ತು. ದಲಿತರಿಗೆ ಅದೂ ಇಲ್ಲ. 1957ರಷ್ಟು ಈಚೆಗೆ ಮದರಾಸಿನ ತಿರುವಲ್ಲಿಕೇಣಿಯ ಹೋಟೆಲೊಂದರ ಬೋರ್ಡಿನಿಂದ ‘ಬ್ರಾಹ್ಮಣ’ ಪದ ತೆಗೆಸಲು ಪೆರಿಯಾರ್ ಅವರ ಅನುಯಾಯಿಗಳು ತಿಂಗಳುಗಟ್ಟಲೆ ಪಿಕೆಟಿಂಗ್ ಮಾಡಬೇಕಾಯಿತು.

ಇನ್ನೊಂದು ಕಡೆ ಮಿಲಿಟರಿ ಹೋಟೆಲುಗಳಿದ್ದವು. ಬಾಡೂಟದ ಹೋಟೆಲಿಗೆ ನಮ್ಮ ಸೀಮೆಯಲ್ಲಿ ಇವತ್ತಿಗೂ ಅದೇ ಹೆಸರು. ಮೈಸೂರಿನ ಮಂಡಿ ಮೊಹಲ್ಲಾದಲ್ಲಿ 1930ರಿಂದ ಇರುವ ಹನುಮಂತು ಹೋಟೆಲಿನ ಪಲಾವ್ ಇವತ್ತು ನಾಲ್ಕೂ ತಾಲೂಕುಗಳ ಬಾಯಲ್ಲಿದೆ. ಮಂಡಿ ಎಂದರೆ ವ್ಯಾಪಾರದ ಜಾಗ. ಮೂಟೆ ಇಳಿಸುವವರು, ಗಾಡಿ ಹೊಡೆಯುವವರು, ದಲ್ಲಾಳಿಗಳು, ಮಾಲು ತಂದ ರೈತರು ಸುಳಿದಾಡುವ ಬೀದಿಗಳು. ಪಕ್ಕದಲ್ಲೇ ಮುಸ್ಲಿಮರ ಮನೆಗಳು. ದಸ್ತರ್‌ಖಾನ್ ಹಾಸಿ, ದೊಡ್ಡ ತಟ್ಟೆಯೊಂದರ ಸುತ್ತ ನಾಲ್ಕಾರು ಜನ ಕೂತು ಉಣ್ಣುವುದು ಅವರಲ್ಲಿ ಸ್ನೇಹದ ಗುರುತೇ ಹೊರತು ಮೈಲಿಗೆಯ ವಿಷಯವಲ್ಲ. ಮಡಿಗೆ ಅಂಜುವವರು ಕಾಫಿ ಕ್ಲಬ್ಬಿನಲ್ಲಿ ಉಳಿದರು. ಬಾಡು ತಿನ್ನುವವರು ಒಂದೇ ಬೆಂಚಿನ ಮೇಲೆ ಮೊಣಕೈಗೆ ಮೊಣಕೈ ತಾಗಿಸಿ ಕೂರುವುದನ್ನು ಮೊದಲು ಕಲಿತರು.

ಕಾನೂನು ತಟ್ಟೆಯವರೆಗೂ ಬಂದದ್ದು ಆಮೇಲೆ. ಸಂವಿಧಾನದ 15ನೇ ವಿಧಿಯ ಎರಡನೇ ಖಂಡ ಅಂಗಡಿ, ಸಾರ್ವಜನಿಕ ಉಪಾಹಾರ ಗೃಹ, ಹೋಟೆಲುಗಳನ್ನು ಹೆಸರಿಟ್ಟು ಹೇಳುತ್ತದೆ: ಧರ್ಮ, ಜನಾಂಗ, ಜಾತಿ, ಲಿಂಗ, ಹುಟ್ಟೂರಿನ ಕಾರಣಕ್ಕೆ ಯಾರನ್ನೂ ಅಲ್ಲಿಂದ ದೂರ ಇಡುವಂತಿಲ್ಲ. ಇಷ್ಟು ಸಣ್ಣ ಸಂಗತಿ ದೇಶದ ಮೂಲ ಕಾನೂನಿನಲ್ಲಿ ಏಕೆ ಎಂದು ಹೊರಗಿನವರಿಗೆ ಅನಿಸಬಹುದು. ನಮಗೆ ಅನಿಸಬಾರದು. 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಹೋಟೆಲಿನಲ್ಲಿ ಎಲ್ಲರಿಗೂ ಇಟ್ಟ ಪಾತ್ರೆಗಳನ್ನು ಬಳಸಲು ಬಿಡದಿರುವುದೂ ಅಪರಾಧ ಎಂದಿತು. ಬಾಗಿಲು ತೆರೆದರೆ ಸಾಲದು, ಲೋಟವನ್ನೂ ಕೊಡಬೇಕು ಎಂಬುದು ಅನುಭವದಿಂದ ಬಂದ ಎಚ್ಚರ. ಅಮೆರಿಕದ ಗ್ರೀನ್ಸ್‌ಬರೊ ಊರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಬಿಳಿಯರ ಕೌಂಟರಿನಲ್ಲಿ ಕೂತು ಕಾಫಿ ಕೇಳಿ, ಸಿಗದಿದ್ದರೂ ಏಳದೆ ಕೂತದ್ದು 1960ರ ಫೆಬ್ರುವರಿ 1ರಂದು. ಅವರಿಗೆ ಕಾನೂನು ಸಿಕ್ಕಿದ್ದು 1964ರಲ್ಲಿ. ನಮ್ಮಲ್ಲಿ ಕಾನೂನು ಮೊದಲು ಬಂತು, ಕಾಫಿ ನಿಧಾನಕ್ಕೆ ಬಂತು.

ಅದನ್ನು ತಂದದ್ದರಲ್ಲಿ ಕೆಂಪು ಬಸ್ಸಿನ ಪಾಲು ದೊಡ್ಡದು. ಈ ನಾಲ್ಕು ತಾಲೂಕು ಕೇಂದ್ರಗಳು ಮೈಸೂರಿನಿಂದ 40ರಿಂದ 70 ಕಿಲೋಮೀಟರು. ಬೆಳಿಗ್ಗೆ ಹೊರಟು ಕೋರ್ಟು, ಕೆ.ಆರ್. ಆಸ್ಪತ್ರೆ, ದೇವರಾಜ ಮಾರುಕಟ್ಟೆ ಮುಗಿಸಿ ಸಂಜೆ ಮರಳಬಹುದು. ಮಧ್ಯಾಹ್ನದ ಊಟ ಮಾತ್ರ ಪಟ್ಟಣದಲ್ಲೇ ಆಗಬೇಕು. ಊರಿನಲ್ಲಿ ಮುಖ ನೋಡಿದರೆ ಸಾಕು, ಯಾರ ಮಗ, ಯಾವ ಬೀದಿ ಎಂದು ತಿಳಿಯುತ್ತದೆ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಹಾಗಲ್ಲ. ಅಲ್ಲಿ ಗೋಡೆಯ ಮೇಲೆ ತೂಗುವುದು ರೇಟಿನ ಬೋರ್ಡು. ಕೈಯಲ್ಲಿ ಕಾಸಿದ್ದರೆ ಟೋಕನ್, ಟೋಕನ್ ಇದ್ದರೆ ಊಟ. ಹುಣಸೂರು ತಾಲೂಕಿನ ಕಲ್ಲಹಳ್ಳಿಯ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಯಾದ ಮೇಲೆ ಬಂದ ಭೂಸುಧಾರಣೆ, ಹಿಂದುಳಿದವರ ಹಾಸ್ಟೆಲುಗಳು ಆ ಕಾಸನ್ನೂ ಧೈರ್ಯವನ್ನೂ ಒಂದಿಷ್ಟು ಹೊಸಬರ ಕೈಗೆ ಕೊಟ್ಟವು. ಹಾಸ್ಟೆಲಿನ ಸಾಲಿನಲ್ಲಿ ಸ್ಟೀಲ್ ತಟ್ಟೆ ಹಿಡಿದು ನಿಂತವರ ಮಕ್ಕಳೇ ಇವತ್ತು ಖಾಲಿ ಪ್ಲೇಟು ಕೇಳುವವರು.

ಈ ಪಯಣದಲ್ಲಿ ಕನ್ನಡಿಗರು ಕಂಡುಹಿಡಿದ ಒಂದು ಜಾಣ ಉಪಾಯಕ್ಕೆ ‘ಬೈಟು’ ಎಂದು ಹೆಸರು. ಒಂದು ಕಾಫಿ, ಎರಡು ಲೋಟ. ಇದನ್ನು ನಾವು ಜಿಪುಣತನದ ಲೆಕ್ಕಕ್ಕೆ ಸೇರಿಸಿ ನಗುತ್ತೇವೆ. ಆದರೆ ಗಮನಿಸಿ: ಬೈಟುವಿನಲ್ಲಿ ಪಾಲಾಗುವುದು ಒಳಗೆ, ತುಟಿ ತಾಗುವುದಕ್ಕೆ ಮುಂಚೆ. ಎಂಜಲಾಗದೆ ಹಂಚಿಕೊಳ್ಳುವ ದಾರಿ ಅದು. ಹಳೆಯ ನಿಯಮ ಮುರಿಯಲೂ ಇಲ್ಲ, ಹೊಸ ಗೆಳೆತನ ತಪ್ಪಲೂ ಇಲ್ಲ. ಬೇರೆ ಬೇರೆ ಜಾತಿಯ ಇಬ್ಬರು ಗುಮಾಸ್ತರು ಒಂದೇ ಕಾಫಿಯ ಎರಡು ಅರ್ಧ ಕುಡಿಯುತ್ತ ನಿಂತಾಗ, ಮಡಿಗೂ ಸ್ನೇಹಕ್ಕೂ ನಡುವೆ ಒಂದು ಒಪ್ಪಂದ ಆಗಿರುತ್ತದೆ. ಖಾಲಿ ಪ್ಲೇಟು ಆ ಒಪ್ಪಂದದ ಮುಂದಿನ ಕಂತು.

ಒಪ್ಪಂದವೇ ಬೇಡವಾದ ಜಾಗ ನೋಡಬೇಕೆಂದರೆ ಪಿರಿಯಾಪಟ್ಟಣ ತಾಲೂಕಿನ ಬೈಲಕುಪ್ಪೆಗೆ ಹೋಗಬೇಕು. 1959ರಲ್ಲಿ ಟಿಬೆಟ್ ಬಿಟ್ಟು ಬಂದವರಿಗೆ ಮೈಸೂರು ರಾಜ್ಯ ಇಲ್ಲಿ ಜಮೀನು ಕೊಟ್ಟಿತು. 1960ರ ದಶಕದ ಆರಂಭದಲ್ಲಿ ಅವರು ಕಾಡು ಕಡಿದು, ಆನೆಗಳ ಕಾಟ ತಡೆದು, ಮುಸುಕಿನ ಜೋಳ ಬೆಳೆದರು. 1972ರಲ್ಲಿ ಹುಣಸೂರು ತಾಲೂಕಿನ ಗುರುಪುರದ ಬಳಿ ಇನ್ನೊಂದು ನೆಲೆ ಬಂತು. ಇವತ್ತು ಅಲ್ಲಿನ ಹೋಟೆಲುಗಳಲ್ಲಿ ಹಬೆಯಾಡುವ ಮೊಮೊ ತಟ್ಟೆ ಮೇಜಿನ ನಡುವೆ ಬರುತ್ತದೆ, ಪಕ್ಕದಲ್ಲಿ ಕೆಂಪು ಚಟ್ನಿಯ ಒಂದೇ ಬಟ್ಟಲು. ಹುಣಸೂರಿನ ಕಾಲೇಜು ಹುಡುಗ ಹುಡುಗಿಯರು ಒಂದೇ ಬಟ್ಟಲಿಗೆ ಅದ್ದಿ, ಕಚ್ಚಿ, ಅದೇ ಬಟ್ಟಲಿಗೆ ಮತ್ತೆ ಅದ್ದುತ್ತಾರೆ. ಅವರ ಅಜ್ಜಿಯರು ನೋಡಿದರೆ ಸೆರಗು ಬಾಯಿಗೆ ಒತ್ತಿಕೊಂಡಾರು. ಇನ್ನೊಬ್ಬರ ಅಡುಗೆಮನೆಯಲ್ಲಿ ನಮ್ಮ ನಿಯಮ ನೆನಪಿಗೆ ಬರುವುದಿಲ್ಲ; ಪರದೇಶದ ತಿನಿಸಿಗೆ ಜಾತಿಯ ಕಾನೂನು ಇನ್ನೂ ಬರೆದಿಲ್ಲ.

ಇದಿಷ್ಟನ್ನು ಗೆಲುವು ಎಂದು ಕರೆದು ಸುಮ್ಮನಾಗಬಹುದೇ? ಅಂಬೇಡ್ಕರ್ 1936ರಲ್ಲೇ ‘ಜಾತಿ ವಿನಾಶ’ದಲ್ಲಿ ಎಚ್ಚರಿಸಿದ್ದರು: ಸಹಭೋಜನದಿಂದ ಜಾತಿ ಸಾಯುವುದಿಲ್ಲ, ಅಂತರ್ಜಾತಿ ಮದುವೆ ಬೇಕು, ಅದಕ್ಕೂ ಮುಂಚೆ ಜಾತಿಯನ್ನು ಪವಿತ್ರವೆಂದು ನಂಬಿಸಿದ ಶಾಸ್ತ್ರಗಳ ಮೇಲಿನ ನಂಬಿಕೆ ಹೋಗಬೇಕು. ಪೇಟೆಯಲ್ಲಿ ಒಂದೇ ಬಟ್ಟಲಿಗೆ ಅದ್ದಿದ ಇಬ್ಬರು ಊರಿಗೆ ಮರಳಿದ ಮೇಲೆ ಒಬ್ಬರ ಮನೆಗೆ ಇನ್ನೊಬ್ಬರು ಊಟಕ್ಕೆ ಹೋಗುತ್ತಾರೆಯೇ ಎಂದು ಕೇಳಿ ನೋಡಿ. ಪ್ರೀತಿಸಿದರೆ ಏನಾಗುತ್ತದೆ ಎಂಬುದು ಪತ್ರಿಕೆಗಳಲ್ಲಿ ಆಗಾಗ ಬರುತ್ತದೆ. ಬಿಸಿಯೂಟಕ್ಕೆ ದಲಿತ ಹೆಂಗಸು ಅಡುಗೆ ಮಾಡಿದಳೆಂದು ಮಕ್ಕಳನ್ನು ಊಟಕ್ಕೆ ಬಿಡದ ಸುದ್ದಿಯೂ ಬರುತ್ತದೆ. ಹಳ್ಳಿಯ ಟೀ ಅಂಗಡಿಯ ಜೋಡಿಲೋಟ ಪದ್ಧತಿ ಕೂಡ ಎಲ್ಲ ಕಡೆ ಸತ್ತಿಲ್ಲ. ಕೆಲವೆಡೆ ಅದು ಪೇಪರ್ ಕಪ್ಪಿನೊಳಗೆ ಅಡಗಿದೆ. ಬಾಳೆಎಲೆ ಮಾಡುತ್ತಿದ್ದ ಕೆಲಸವನ್ನು ಈಗ ಪೇಪರ್ ಕಪ್ಪು ಮಾಡುತ್ತದೆ: ಕುಡಿದು ಎಸೆದರಾಯಿತು, ಯಾರ ಲೋಟವನ್ನೂ ಯಾರೂ ತೊಳೆಯಬೇಕಿಲ್ಲ. ಸ್ವಚ್ಛತೆಯ ಹೆಸರಿನಲ್ಲಿ ಯಾರೂ ಅದನ್ನು ಪ್ರಶ್ನಿಸುವುದಿಲ್ಲ.

ಆದರೂ ಹಂಚಿದ ತಟ್ಟೆಯನ್ನು ಹಗುರವಾಗಿ ಕಾಣಲು ನನಗೆ ಮನಸ್ಸಿಲ್ಲ. ಶಾಸ್ತ್ರವನ್ನು ನಾಲಿಗೆ ಓದುವುದಿಲ್ಲ, ಕೈ ಓದುತ್ತದೆ. ಯಾವ ಪಾತ್ರೆ ಮುಟ್ಟಬೇಕು, ಯಾವುದರಿಂದ ಹಿಂದೆ ಸರಿಯಬೇಕು ಎಂಬುದನ್ನು ನಾವು ಯೋಚಿಸಿ ಕಲಿತದ್ದಲ್ಲ. ಐದು ವರ್ಷ ತುಂಬುವುದರೊಳಗೆ ಕೈಗೆ ಕಲಿಸಿದ್ದು. ಕೈ ಕಲಿತದ್ದನ್ನು ಕೈಯೇ ಮರೆಯಬೇಕು. ಮೈಸೂರಿನ ಬೆಂಚಿನ ಮೇಲೆ, ಬೈಲಕುಪ್ಪೆಯ ಮೇಜಿನ ಸುತ್ತ ನಡೆಯುತ್ತಿರುವುದು ಆ ಮರೆವಿನ ಅಭ್ಯಾಸ. ಆ ಅಭ್ಯಾಸ ಬಸ್ಸು ಹತ್ತಿ ಊರಿನ ಅಡುಗೆಮನೆಯವರೆಗೆ ಬರುವುದು ಬಾಕಿ ಇದೆ. ಆ ದಿನ ಬರುವ ತನಕ ಹೋಟೆಲಿನ ಖಾಲಿ ಪ್ಲೇಟು ಅರ್ಧ ದಾರಿಯ ಗುರುತು, ಊರು ಇನ್ನೂ ಮುಂದಿದೆ.