ಮಣ್ಣಿನ ಇಟ್ಟಿಗೆ ಒತ್ತುಯಂತ್ರ

ತುಸು ತೇವದ ಮಣ್ಣನ್ನು ಉಕ್ಕಿನ ಅಚ್ಚಿನಲ್ಲಿ ಒತ್ತಿ, ಸುಡದೆಯೇ ಗೋಡೆಗೆ ಒದಗುವ ಇಟ್ಟಿಗೆ ಮಾಡುವ ಸಾಧನ. ಮಣ್ಣಿಗೆ ಸಿಮೆಂಟನ್ನೋ ಸುಣ್ಣವನ್ನೋ ಬೆರೆಸಿ ಮಾಡಿದ ಇಟ್ಟಿಗೆಗೆ ಶಾಸ್ತ್ರದಲ್ಲಿ ಸ್ಥಿರೀಕೃತ ಮಣ್ಣಿನ ಇಟ್ಟಿಗೆ ಎನ್ನುತ್ತಾರೆ. ಗೌಂಡಿಗಳ ಬಾಯಲ್ಲಿ ಅದು ಮಡ್ ಬ್ಲಾಕ್.

1950ರ ದಶಕದಲ್ಲಿ ಕೊಲಂಬಿಯದ ಬೊಗೊಟಾದಲ್ಲಿ ರಾವುಲ್ ರಾಮಿರೆಸ್ ರೂಪಿಸಿದ ಸಿನ್ವಾ-ರಾಮ್ ಎಂಬ ಕೈಯಂತ್ರ ಈ ವಂಶದ ಹಿರಿಯ. ಕರ್ನಾಟಕದಲ್ಲಿ ಈ ಕೆಲಸ ಬೇರೂರಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ. ಅಲ್ಲಿ 1974ರಲ್ಲಿ ಎ.ಕೆ.ಎನ್. ರೆಡ್ಡಿ ಆರಂಭಿಸಿದ 'ಅಸ್ತ್ರ' ಕೇಂದ್ರದಲ್ಲಿ ಕೆ.ಎಸ್. ಜಗದೀಶ್ ಮತ್ತು ಅವರ ಸಂಗಡಿಗರು ಅಸ್ತ್ರಂ ಯಂತ್ರವನ್ನು ರೂಪಿಸಿದರು. ಮರ್ದಿನಿ ಅದರ ಮುಂದಿನ ಪೀಳಿಗೆ. ಪುದುಚೇರಿ ಬಳಿಯ ಆರೋವಿಲ್‌ನಲ್ಲಿ ಆರಂ ಯಂತ್ರ ಹುಟ್ಟಿತು.

ಕೈಯಂತ್ರದ ಗುಟ್ಟೆಲ್ಲ ಉದ್ದನೆಯ ಹಿಡಿಕೆಯಲ್ಲಿದೆ. ಹಿಡಿಕೆ ಎಳೆದಾಗ ಮಡಿಚಿದ ಎರಡು ಕೊಂಡಿಗಳು ನೆಟ್ಟಗಾಗುತ್ತ ಬರುತ್ತವೆ; ನೆಟ್ಟಗಾದಷ್ಟೂ ಒತ್ತಡ ಏರಿ, ಇಬ್ಬರ ತೋಳ್ಬಲ ಕೊನೆಗೆ ಹಲವು ಟನ್ನುಗಳಾಗುತ್ತದೆ. ಕರೆಂಟು ಬೇಡ, ಎಣ್ಣೆ ಬೇಡ. ಆದರೆ ತಕ್ಕಡಿ ಬೇಕು. ಅಚ್ಚಿನ ಗಾತ್ರ ನಿಗದಿಯಾದದ್ದು. ಮಣ್ಣು ಹೆಚ್ಚಾದರೆ ಹಿಡಿಕೆ ಇಳಿಯದು, ಕಡಿಮೆಯಾದರೆ ಇಟ್ಟಿಗೆ ಪೊಳ್ಳು. ಪೊಳ್ಳು ಇಟ್ಟಿಗೆಯೂ ಗಟ್ಟಿ ಇಟ್ಟಿಗೆಯೂ ನೋಡಲು ಒಂದೇ ತರಹ ಇರುವುದರಿಂದಲೇ ಮೋಸಹೋಗುವುದು. ಒಣಗಿದ ಇಟ್ಟಿಗೆಯ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 1.8 ಗ್ರಾಂ ಬರಬೇಕೆಂಬುದು ಲೆಕ್ಕ. ಹೈಡ್ರಾಲಿಕ್ ಯಂತ್ರ ದುಬಾರಿ, ಕೆಲಸ ಚುರುಕು. ಅಮೆರಿಕದ ಮಿಸೌರಿಯಲ್ಲಿ ಮಾರ್ಚಿನ್ ಯಾಕುಬೊವ್ಸ್ಕಿ ಅವರ ಓಪನ್ ಸೋರ್ಸ್ ಇಕಾಲಜಿ ಇಂಥದೊಂದು ಯಂತ್ರದ ನಕ್ಷೆಗಳನ್ನು ಯಾರು ಬೇಕಾದರೂ ಮಾಡಿಕೊಳ್ಳಲೆಂದು ಬಿಟ್ಟುಕೊಟ್ಟಿತು.

ಅಂಥ ನಕ್ಷೆ ಕೈಗೆ ಬಂದರೆ ಬೆಳಗಾವಿಯವರು ದೂರ ಹೋಗಬೇಕಿಲ್ಲ. ನಗರದ ಉದ್ಯಮಬಾಗ ಮತ್ತು ಪಕ್ಕದ ಮಚ್ಛೆಯಲ್ಲಿ ಎರಕದ ಕಾರ್ಖಾನೆಗಳಿವೆ, ಹೈಡ್ರಾಲಿಕ್ ಪಂಪು, ವಾಲ್ವು ತಯಾರಿಸುವವರಿದ್ದಾರೆ. ಸವೆದ ಅಚ್ಚಿನ ತಗಡನ್ನು ಊರಲ್ಲೇ ಬದಲಿಸಲಾಗದಿದ್ದರೆ ಅಗ್ಗದ ಯಂತ್ರವೂ ಅಗ್ಗವಲ್ಲ.

ಮಣ್ಣಿನ ಮಾತು ಬೇರೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಕಡೆ ಜಂಬಿಟ್ಟಿಗೆ ಕಲ್ಲು, ಕೆಮ್ಮಣ್ಣು. ಜಿಲ್ಲೆಯ ಪೂರ್ವಕ್ಕೆ ಸರಿದಂತೆ ಎರೆ ಭೂಮಿ. ಕೆಮ್ಮಣ್ಣಿನ ಜೇಡಿ ನೀರಿಗೆ ಹೆಚ್ಚು ಉಬ್ಬದು; ಅಗತ್ಯವಿದ್ದಷ್ಟು ಮರಳು, ಶೇ. 7ರಿಂದ 8ರಷ್ಟು ಸಿಮೆಂಟು ಬೆರೆಸಿದರೆ ಇಟ್ಟಿಗೆ ಗಟ್ಟಿ. ಎರೆಮಣ್ಣು ತೊಯ್ದಾಗ ಉಬ್ಬಿ, ಒಣಗಿದಾಗ ಬಿರಿಯುವುದರಿಂದ ಅದಕ್ಕೆ ಸುಣ್ಣದ ಹದ ಬೇಕು. ಖಾನಾಪುರ ಮೊದಲಿಂದಲೂ ಮಣ್ಣಿನ ಕಸುಬಿನ ಊರು: ಹಂಚು, ಸುಟ್ಟ ಇಟ್ಟಿಗೆ, ಮಡಕೆ. ಖಾದಿ ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮ ಕುಂಬಾರಿಕೆ ಸಂಸ್ಥೆ ಇರುವುದೂ ಇಲ್ಲಿಯೇ. ಹಾಗಾಗಿ ಒತ್ತಿಟ್ಟಿಗೆಗೆ ಇಲ್ಲಿ ಎದುರಾಳಿ ಸುಟ್ಟ ಇಟ್ಟಿಗೆಯೇ. ಭಟ್ಟಿಯ ಸೌದೆ ಉಳಿಯುವುದರಿಂದ, ಸಿಮೆಂಟಿನ ಲೆಕ್ಕ ಹಿಡಿದರೂ, ಒತ್ತಿಟ್ಟಿಗೆಗೆ ತಗಲುವ ಇಂಧನ ಶೇ. 60ರಿಂದ 70ರಷ್ಟು ಕಡಿಮೆಯೆಂದು ಜಗದೀಶ್ ಮತ್ತು ಬಿ.ವಿ. ವೆಂಕಟರಾಮ ರೆಡ್ಡಿ ಲೆಕ್ಕ ಹಾಕಿದ್ದಾರೆ.

ಜನರ ಅಂಜಿಕೆ ಮಳೆಯದು, ಅದು ಸುಳ್ಳಲ್ಲ. 2019ರ ಆಗಸ್ಟ್ ನೆರೆಯಲ್ಲಿ ಬೆಳಗಾವಿ ಜಿಲ್ಲೆಯಲ್ಲಿ ಮಣ್ಣಿನ ಗೋಡೆಯ ಮನೆಗಳು ಸಾಲುಸಾಲಾಗಿ ಕುಸಿದವು. ಬೆರಕೆಯಿಲ್ಲದ ಮಣ್ಣು ನೆನೆದರೆ ಕೆಸರು. ಸಿಮೆಂಟು ಬೆರೆತ ಇಟ್ಟಿಗೆ ಕರಗದು, ಆದರೂ ನೆನೆದಾಗ ಅದರ ಬಲ ಇಳಿಯುತ್ತದೆ. ಅದಕ್ಕಾಗಿಯೇ ಅದನ್ನು ನೀರಲ್ಲಿ ನೆನೆಸಿಟ್ಟು ಪರೀಕ್ಷಿಸುತ್ತಾರೆ. ಮಲಪ್ರಭೆ ಹುಟ್ಟುವ ಕಣಕುಂಬಿಯಂಥ ಜೋರುಮಳೆಯ ಕಡೆ ಕಲ್ಲಿನ ಪಾಯವನ್ನು ನೆಲದಿಂದ ಎತ್ತರಿಸಿ, ಹಂಚಿನ ಸೂರನ್ನು ಗೋಡೆಯಾಚೆ ಉದ್ದಕ್ಕೆ ಚಾಚದೆ ಗತಿಯಿಲ್ಲ.

ಇಟ್ಟಿಗೆ ಒತ್ತುವ ಕೆಲಸಕ್ಕೆ ದಸರೆಯಿಂದ ಕಾರಹುಣ್ಣಿಮೆಯ ಮೊದಲಿನವರೆಗಿನ ಒಣಗಾಲ ತಕ್ಕುದು. ಒತ್ತಿದ ಇಟ್ಟಿಗೆ ಮೂರು ವಾರವಾದರೂ ಗೋಣಿತಾಟಿನಡಿ ತೇವದಲ್ಲಿರಬೇಕು. ಮಳೆಗಾಲ ಪೂರ್ತಿ ಯಂತ್ರಕ್ಕೆ ಕೆಲಸವಿಲ್ಲ. ಒಂದು ಮನೆಗೆಂದು ಅದನ್ನು ಕೊಳ್ಳುವವನಿಗಿಂತ, ಬಾಡಿಗೆಗೆ ಊರೂರು ಸುತ್ತಿಸುವ ಗೌಂಡಿಗೇ ಅದು ಗಿಟ್ಟುತ್ತದೆ.